ಗ್ರಾಹಕರೊಂದಿಗಿನ ವ್ಯಾಜ್ಯ: ಕೋರ್ಟಿಗೆ ಹೋಗದೆ ಬಗೆಹರಿಸಿಕೊಳ್ಳುವ ದಾರಿಗಳು

ನಮ್ಮ ಸಮಾಜದ ಅನೇಕ ಕುಟುಂಬಗಳ ಜೀವನ ಅಂಗಡಿಯ ಮೇಲೆ ನಿಂತಿದೆ. ಜವಳಿ, ಚಿನ್ನ-ಬೆಳ್ಳಿ, ಕಿರಾಣಿ, ಪಾತ್ರೆ, ಔಷಧ, ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಸಾಮಾನು, ಹೀಗೆ ವ್ಯಾಪಾರ ಯಾವುದೇ ಇರಲಿ, ವರ್ಷಕ್ಕೊಮ್ಮೆಯಾದರೂ ಅಸಮಾಧಾನಗೊಂಡ ಗ್ರಾಹಕರು ಬಾಗಿಲಿಗೆ ಬಂದೇ ಬರುತ್ತಾರೆ. ಸೀರೆ ಬಣ್ಣ ಬಿಟ್ಟಿತು, ಮಿಕ್ಸರ್ ತಿಂಗಳಲ್ಲೇ ನಿಂತಿತು, ಸರದ ಶುದ್ಧತೆ ಕಡಿಮೆ ಬಂದಿತು ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ವ್ಯಾಜ್ಯದ ಮೊತ್ತ ಸಣ್ಣದು. ಆದರೆ ಅದು ಬೆಳೆದರೆ ಗಲ್ಲಾ ಬಿಟ್ಟು ಅಲೆಯುವ ದಿನಗಳು, ವಕೀಲರ ಖರ್ಚು ಮತ್ತು ಊರಿನಲ್ಲಿ ಅಂಗಡಿಯ ಹೆಸರು, ಈ ಮೂರೂ ಪಣಕ್ಕೆ ಬೀಳುತ್ತವೆ.

ಇಂಥ ವ್ಯಾಜ್ಯವನ್ನು ವಿಚಾರಣೆಯಿಲ್ಲದೆ ಮುಗಿಸಿಕೊಳ್ಳಲು ಇರುವ ದಾರಿಗಳನ್ನು ಈ ಲೇಖನದಲ್ಲಿ ಕ್ರಮವಾಗಿ ಕೊಡಲಾಗಿದೆ. ಎಲ್ಲ ದಾರಿಗಳಿಗೂ ಅನ್ವಯಿಸುವ ಎರಡು ಮಾತುಗಳನ್ನು ಮೊದಲೇ ಹೇಳಬೇಕು. ರಾಜಿ ಎಷ್ಟು ಬೇಗ ಆಗುತ್ತದೋ ಅಷ್ಟು ಅಗ್ಗ. ಬರವಣಿಗೆಯಲ್ಲಿ ಇಲ್ಲದ ರಾಜಿ ರಾಜಿಯೇ ಅಲ್ಲ.

ಕಾನೂನಿನ ನೆಲೆ

ಈಗ ಜಾರಿಯಲ್ಲಿರುವುದು 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಇದು 2020ರ ಜುಲೈ ತಿಂಗಳಲ್ಲಿ ಜಾರಿಗೆ ಬಂತು. ಅಂಗಡಿಯವರು ತಿಳಿದಿರಬೇಕಾದ ಅಂಶಗಳು ಇವು:

- ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ದೂರು ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗುತ್ತದೆ. ಸಣ್ಣ ಅಂಗಡಿಗಳ ಬಹುತೇಕ ಎಲ್ಲ ಪ್ರಕರಣಗಳೂ ಇಲ್ಲಿಗೇ ಸೇರುತ್ತವೆ.
- ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಗ್ರಾಹಕರು ಶುಲ್ಕ ಕಟ್ಟಬೇಕಾಗಿಲ್ಲ. ವಕೀಲರನ್ನು ಇಟ್ಟುಕೊಳ್ಳುವುದೂ ಕಡ್ಡಾಯವಲ್ಲ. ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು.
- ಗ್ರಾಹಕರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಚಿಕ್ಕಪೇಟೆಯಲ್ಲಿ ಮದುವೆ ಜವಳಿ ತೆಗೆದ ಬಳ್ಳಾರಿಯ ಕುಟುಂಬ ಬಳ್ಳಾರಿಯಲ್ಲಿ ದೂರು ಹಾಕಿದರೆ, ಉತ್ತರ ಕೊಡಬೇಕಾದದ್ದು ಬಳ್ಳಾರಿಯ ಆಯೋಗಕ್ಕೆ.
- ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳ ಕಾಲಾವಕಾಶವಿದೆ.

ಬಿಲ್ ಕೊಡದಿರುವುದು ಈ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ವಾಪಸು ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಹಾಗೆಯೇ. ಆದ್ದರಿಂದ ಬಿಲ್ ಪುಸ್ತಕದ ಕೆಳಗೆ ಅಚ್ಚು ಹಾಕಿಸುವ "ಒಮ್ಮೆ ಮಾರಿದ ಮಾಲು ವಾಪಸಿಲ್ಲ" ಎಂಬ ಸಾಲು ದೋಷವಿರುವ ಮಾಲಿನ ವಿಷಯದಲ್ಲಿ ರಕ್ಷಣೆ ಕೊಡುವುದಿಲ್ಲ. ಮಾಲಿನಲ್ಲಿ ದೋಷವಿಲ್ಲದೆ, ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ ಎಂದು ಗ್ರಾಹಕರು ವಾಪಸು ತಂದರೆ ಅದು ಬೇರೆ ವಿಷಯ. ಅಲ್ಲಿ ಅಂಗಡಿಯ ನಿಯಮ ನಡೆಯುತ್ತದೆ, ಆ ನಿಯಮ ಖರೀದಿಗೆ ಮುಂಚೆಯೇ ಕಾಣುವಂತಿರಬೇಕು.

ಬಿಲ್ ಮೇಲೆ ಮಧ್ಯಸ್ಥಗಾರರ ತೀರ್ಪಿನ ಷರತ್ತು ಹಾಕಿದರೆ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ನಿಲ್ಲುವುದಿಲ್ಲ. ಬೆಂಗಳೂರಿನ ನ್ಯಾಯಾಲಯಕ್ಕೆ ಮಾತ್ರ ಒಳಪಟ್ಟಿದೆ ಎಂದು ಅಚ್ಚು ಹಾಕಿಸುವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಮಧ್ಯಸ್ಥಗಾರಿಕೆ ಷರತ್ತಿನ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಮೊದಲ ಮೆಟ್ಟಿಲು: ಅಂಗಡಿಯಲ್ಲೇ

ದೂರು ಬಂದ ದಿನ ಏನು ನಡೆಯುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿರ್ಧಾರವಾಗುತ್ತದೆ. ಗಲ್ಲಾದ ಮುಂದೆ ಇತರ ಗ್ರಾಹಕರ ಎದುರು ಮಾತು ಏರಿದರೆ ಇಬ್ಬರಿಗೂ ಹಿಂದೆ ಸರಿಯುವುದು ಕಷ್ಟ. ಒಳಗೆ ಕೂರಿಸಿ, ಪೂರ್ತಿ ಕೇಳಿ, ಕೆಳಗಿನ ಕ್ರಮ ಅನುಸರಿಸುವುದು ಒಳ್ಳೆಯದು.

1. ದೂರನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ದಿನಾಂಕ, ಬಿಲ್ ಸಂಖ್ಯೆ, ಮಾಲು, ದೋಷ, ಗ್ರಾಹಕರು ಕೇಳುತ್ತಿರುವ ಪರಿಹಾರ, ಇಷ್ಟೂ ಇರಲಿ.
2. ಮಾಲಿನ ಫೋಟೋ ತೆಗೆಯಿರಿ. ಮಾಲನ್ನು ಇಟ್ಟುಕೊಂಡರೆ ಸ್ವೀಕೃತಿ ಚೀಟಿ ಕೊಡಿ.
3. ಯಾವ ದಿನದೊಳಗೆ ಉತ್ತರ ಕೊಡುತ್ತೀರಿ ಎಂಬುದನ್ನು ಹೇಳಿ, ಆ ದಿನ ನೀವೇ ಫೋನ್ ಮಾಡಿ. ಗ್ರಾಹಕರು ಎರಡನೆಯ ಸಲ ಕೇಳಿಕೊಂಡು ಬರುವಂತಾಗಬಾರದು.
4. ದುರಸ್ತಿ, ಬದಲಿ ಮಾಲು, ಬೆಲೆಯಲ್ಲಿ ಕಡಿತ, ಪೂರ್ತಿ ಹಣ ವಾಪಸು, ಈ ನಾಲ್ಕರಲ್ಲಿ ಯಾವುದು ಸಾಧ್ಯ ಎಂಬುದನ್ನು ನಿರ್ಧರಿಸಿ.

ಆನ್‌ಲೈನ್‌ನಲ್ಲಿ ಮಾರುವವರಿಗೆ ಈ ಕ್ರಮ ಬರೀ ಸಲಹೆಯಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಎಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

"ಕಂಪನಿಯವರನ್ನು ಕೇಳಿ" ಎಂದು ಕೈ ತೊಳೆದುಕೊಳ್ಳುವುದು ಅನೇಕ ಪ್ರಕರಣಗಳು ಆಯೋಗ ತಲುಪಲು ಕಾರಣ. ಮಾರಿದವರು ತಾವಾಗಿ ಪ್ರತ್ಯೇಕ ಗ್ಯಾರಂಟಿ ಕೊಟ್ಟಿದ್ದರೆ, ಅಥವಾ ತಯಾರಕರು ಯಾರೆಂದೇ ಗೊತ್ತಾಗದಿದ್ದರೆ, ಹಾನಿಯ ಹೊಣೆ ಮಾರಿದವರ ಮೇಲೆಯೇ ಬರಬಹುದು. ಮಾಲು ಕೊಂಡ ಕಡೆಯ ಬಿಲ್ಲುಗಳನ್ನು ಜೋಪಾನವಾಗಿಟ್ಟರೆ, ಗ್ರಾಹಕರಿಗೆ ಕೊಟ್ಟ ಪರಿಹಾರವನ್ನು ಸರಬರಾಜುದಾರರಿಂದ ಕೇಳಿ ಪಡೆಯುವುದಕ್ಕೂ ಆಧಾರವಿರುತ್ತದೆ.

ಹಣ ಹಿಂದಿರುಗಿಸುವಾಗ ಸಾಧ್ಯವಾದಷ್ಟು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ದಾಖಲೆ ಉಳಿಯುತ್ತದೆ. ಜಿಎಸ್‌ಟಿ ನೋಂದಣಿಯಿದ್ದು ತೆರಿಗೆ ಹಾಕಿದ ಬಿಲ್ ಕೊಟ್ಟಿದ್ದರೆ, ವಾಪಸು ಬಂದ ಮಾಲಿಗೆ ಕ್ರೆಡಿಟ್ ನೋಟ್ ಮಾಡಬೇಕು. ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30ರೊಳಗೆ ಅದನ್ನು ರಿಟರ್ನ್‌ನಲ್ಲಿ ತೋರಿಸದಿದ್ದರೆ ಕಟ್ಟಿದ ತೆರಿಗೆಯನ್ನು ಸರಿಹೊಂದಿಸಿಕೊಳ್ಳಲು ಬರುವುದಿಲ್ಲ.

ಚಿನ್ನದ ಅಂಗಡಿ: ಲೆಕ್ಕವೇ ರಾಜಿಯ ಆಧಾರ

ಚಿನ್ನದ ವ್ಯಾಜ್ಯಗಳಲ್ಲಿ ಒಂದು ಅನುಕೂಲವಿದೆ. ದೋಷವನ್ನು ಅಳೆಯಬಹುದು, ಪರಿಹಾರದ ಸೂತ್ರವೂ ಇದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣದ ಮೇಲೆ ಆರು ಅಂಕಿ-ಅಕ್ಷರಗಳ ಎಚ್‌ಯುಐಡಿ ಗುರುತು ಇರಲೇಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಗುರುತನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಗ್ರಾಹಕರು ಸಂಶಯ ತಂದಾಗ ಮೊದಲು ಅವರೆದುರೇ ಅದನ್ನು ಪರಿಶೀಲಿಸಿ. ಆಮೇಲೂ ಸಂಶಯವಿದ್ದರೆ, ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರಕ್ಕೆ ಒಟ್ಟಿಗೆ ಕಳುಹಿಸಿ.

2018ರ ಬಿಐಎಸ್ ನಿಯಮಗಳ ಪ್ರಕಾರ, ಶುದ್ಧತೆ ಕಡಿಮೆ ಎಂದು ಕಂಡುಬಂದರೆ ಆ ಕೊರತೆಯ ಮೌಲ್ಯದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಗ್ರಾಹಕರಿಗೆ ಸಲ್ಲಬೇಕು. ಉದಾಹರಣೆಗೆ, 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಪಾಲು ಶುದ್ಧ ಚಿನ್ನ. 20 ಗ್ರಾಂ ಸರ ಪರೀಕ್ಷೆಯಲ್ಲಿ 833 ಎಂದು ಬಂದರೆ ಕೊರತೆ ಸಾವಿರಕ್ಕೆ 83 ಪಾಲು, ಅಂದರೆ 1.66 ಗ್ರಾಂ ಚಿನ್ನ. ಎರಡರಷ್ಟು ಎಂದರೆ 3.32 ಗ್ರಾಂ ಚಿನ್ನದ ಬೆಲೆ. ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದರೆ ಚೌಕಾಸಿ ಬಹುಮಟ್ಟಿಗೆ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಸರಿ ಎಂದು ಬಂದರೆ ವರದಿಯ ಪ್ರತಿಯೇ ಅಂಗಡಿಯ ಉತ್ತರ.

ಒಪ್ಪಂದದ ಪತ್ರದಲ್ಲಿ ಏನಿರಬೇಕು

ಬಾಯಿಮಾತಿನಲ್ಲಿ ಮುಗಿದ ವ್ಯಾಜ್ಯ ಆರು ತಿಂಗಳ ಮೇಲೆ ಮತ್ತೆ ಏಳಬಹುದು. ಒಂದು ಪುಟದ ಸರಳ ಕನ್ನಡ ಪತ್ರ ಸಾಕು. ಅದರಲ್ಲಿ ಇರಬೇಕಾದವು:

- ಎರಡೂ ಕಡೆಯವರ ಹೆಸರು, ವಿಳಾಸ, ಬಿಲ್ ಸಂಖ್ಯೆ, ಖರೀದಿಯ ದಿನಾಂಕ
- ದೂರು ಏನು ಎಂಬುದು ಎರಡು ಸಾಲಿನಲ್ಲಿ
- ಅಂಗಡಿ ಏನು ಕೊಡುತ್ತದೆ, ಯಾವ ದಿನದೊಳಗೆ ಮತ್ತು ಹೇಗೆ
- ಮಾಲು ಯಾರ ಬಳಿ ಉಳಿಯುತ್ತದೆ
- ಈ ಬಿಲ್ಲಿಗೆ ಸಂಬಂಧಿಸಿದ ದೂರು ಪೂರ್ಣವಾಗಿ ಮತ್ತು ಅಂತಿಮವಾಗಿ ಇತ್ಯರ್ಥವಾಗಿದೆ ಎಂಬ ಮಾತು
- ಇಬ್ಬರೂ ಓದಿ, ಸ್ವಇಚ್ಛೆಯಿಂದ ಒಪ್ಪಿದ್ದಾರೆ ಎಂಬ ಮಾತು, ಸಹಿ, ದಿನಾಂಕ, ಇಬ್ಬರು ಸಾಕ್ಷಿಗಳು

ಪ್ರತಿ ಇಬ್ಬರ ಬಳಿಯೂ ಇರಲಿ. ಒತ್ತಡ ಹೇರಿ, ಅಥವಾ ವಿಷಯ ಮುಚ್ಚಿಟ್ಟು ಪಡೆದ ಸಹಿಯನ್ನು ಆಯೋಗ ಒಪ್ಪುವುದಿಲ್ಲ. ಖಾಲಿ ರಸೀದಿಗೆ ಸಹಿ ಹಾಕಿಸಿಕೊಂಡು ಬಳಿಕ ಭರ್ತಿ ಮಾಡುವುದು ಅಂಗಡಿಯವರನ್ನೇ ಸಿಕ್ಕಿಹಾಕಿಸುತ್ತದೆ. ರಾಜಿಗೆ ಮುನ್ನ ಪತ್ರವ್ಯವಹಾರ ನಡೆಸುವಾಗ "ನಮ್ಮ ಹಕ್ಕುಗಳಿಗೆ ಬಾಧಕವಿಲ್ಲದೆ, ರಾಜಿಯ ಉದ್ದೇಶಕ್ಕೆ ಮಾತ್ರ" ಎಂದು ಬರೆಯುವುದು ವಾಡಿಕೆ. ಮಾತುಕತೆ ಮುರಿದರೆ ಕೊಡಲು ಮುಂದೆ ಬಂದ ಮೊತ್ತವೇ ತಪ್ಪೊಪ್ಪಿಗೆಯಾಗದಂತೆ ಅದು ಕಾಯುತ್ತದೆ.

ಹಿರಿಯರ ಮಧ್ಯಸ್ಥಿಕೆ

ಹಿರಿಯರ ಮುಂದೆ ವ್ಯಾಜ್ಯ ಬಗೆಹರಿಸಿಕೊಳ್ಳುವುದು ಕರ್ನಾಟಕದ ಜೈನರಿಗೆ ಹೊಸದಲ್ಲ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ಎರಡೂ ಕಡೆಯವರು ಬಂದು ವ್ಯಾಜ್ಯ ಹೇಳಿಕೊಳ್ಳುವ ಪದ್ಧತಿಯನ್ನು ಎಲ್ಲ ಜಾತಿ-ಮತದ ಜನ ಬಲ್ಲರು. ಪೇಟೆಗಳಲ್ಲಿ ವರ್ತಕರ ಸಂಘದ ಅಧ್ಯಕ್ಷರು, ಬಸದಿ ಸಮಿತಿಯ ಹಿರಿಯರು ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುತ್ತ ಬಂದಿದ್ದಾರೆ.

ಈ ದಾರಿಯಲ್ಲಿ ಎರಡು ಎಚ್ಚರಗಳು ಬೇಕು. ಮಧ್ಯಸ್ಥರು ಇಬ್ಬರಿಗೂ ಒಪ್ಪಿಗೆಯಾದವರಾಗಿರಬೇಕು. ಅಂಗಡಿಯವರ ಸಂಬಂಧಿಕರು ಅಥವಾ ಸಾಲ ಕೊಟ್ಟವರು ಮಧ್ಯಸ್ಥರಾದರೆ ಗ್ರಾಹಕರಿಗೆ ನಂಬಿಕೆ ಬರುವುದಿಲ್ಲ. ಎರಡನೆಯದಾಗಿ, ಹಿರಿಯರ ಮಾತಿಗೆ ಕಾನೂನಿನಲ್ಲಿ ತಾನಾಗಿ ತೀರ್ಪಿನ ಬಲವಿಲ್ಲ. ಮೇಲೆ ಹೇಳಿದ ಪತ್ರವಾಗಿ ಸಹಿ ಬಿದ್ದ ಮೇಲೆಯೇ ಅದು ಒಪ್ಪಂದ. ಗ್ರಾಹಕರೂ ಸಮಾಜದವರೇ ಆಗಿದ್ದಾಗ "ನಮ್ಮವರ ಮೇಲೆ ದೂರು ಕೊಡುತ್ತೀರಾ" ಎಂದು ಬಾಯಿ ಮುಚ್ಚಿಸುವುದು ಮಧ್ಯಸ್ಥಿಕೆಯಲ್ಲ. ಕಾನೂನಿನ ಬಾಗಿಲು ತಟ್ಟುವ ಹಕ್ಕು ಅವರಿಗೆ ಎಂದಿಗೂ ಇರುತ್ತದೆ.

ಸಹಾಯವಾಣಿ 1915

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915 ಸಂಖ್ಯೆಯಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಇದು ನ್ಯಾಯಾಲಯವಲ್ಲ, ತೀರ್ಪು ಕೊಡುವುದಿಲ್ಲ. ದೂರನ್ನು ದಾಖಲಿಸಿ ಮಾರಾಟಗಾರರಿಗೆ ಅಥವಾ ಕಂಪನಿಗೆ ಕಳುಹಿಸಿ ಪರಿಹಾರಕ್ಕೆ ಪ್ರಯತ್ನಿಸುತ್ತದೆ. ಅಲ್ಲಿಂದ ಸಂದೇಶ ಬಂದರೆ ಅದನ್ನು ವಿಚಾರಣೆಯಿಲ್ಲದೆ ಮುಗಿಸಿಕೊಳ್ಳಲು ಸಿಕ್ಕ ಅವಕಾಶವೆಂದು ತಿಳಿದು, ಬಿಲ್ ಮತ್ತು ದೂರು ಪುಸ್ತಕದ ಪ್ರತಿಯೊಂದಿಗೆ ಬರಹದಲ್ಲಿ ಉತ್ತರ ಕೊಡಿ. ಉತ್ತರ ಕೊಡದಿದ್ದರೆ ಆ ಮೌನವೇ ಮುಂದೆ ದೂರಿನ ಜೊತೆ ಆಯೋಗದ ಮುಂದೆ ಬರುತ್ತದೆ.

ಲೋಕ ಅದಾಲತ್

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ನಡೆಯುವ ಲೋಕ ಅದಾಲತ್‌ಗೆ ಇನ್ನೂ ಕೋರ್ಟಿಗೆ ಹೋಗದ ವ್ಯಾಜ್ಯವನ್ನೂ ತರಬಹುದು. ಅಂಗಡಿಯವರೇ ಅರ್ಜಿ ಹಾಕಬಹುದು. ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ, ಜಿಲ್ಲೆಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದನ್ನು ನೋಡಿಕೊಳ್ಳುತ್ತವೆ. ಶುಲ್ಕವಿಲ್ಲ. ಮಾಹಿತಿಗೆ 15100 ಸಂಖ್ಯೆಗೆ ಕರೆ ಮಾಡಬಹುದು.

ಇಬ್ಬರೂ ಒಪ್ಪಿದರೆ ಮಾತ್ರ ಇಲ್ಲಿ ಇತ್ಯರ್ಥ. ಒಪ್ಪಿದ ಮೇಲೆ ಹೊರಡುವ ಆದೇಶ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಖಾಸಗಿ ಪತ್ರಕ್ಕಿಂತ ಗಟ್ಟಿಯಾದ ದಾಖಲೆ ಬೇಕಾದಾಗ, ವಿಶೇಷವಾಗಿ ಹಣವನ್ನು ಕಂತಿನಲ್ಲಿ ಕೊಡುವ ರಾಜಿಯಾದರೆ, ಇದು ಒಳ್ಳೆಯ ದಾರಿ. ಪ್ರಯಾಣಿಕರ ಅಥವಾ ಸರಕು ಸಾಗಣೆ, ಆಸ್ಪತ್ರೆ, ವಿಮೆ ಮುಂತಾದ ಸಾರ್ವಜನಿಕ ಉಪಯುಕ್ತ ಸೇವೆಗಳಿಗೆ ಬೇರೆಯಾಗಿ ಶಾಶ್ವತ ಲೋಕ ಅದಾಲತ್ ಇದೆ. ಅಲ್ಲಿ ರಾಜಿ ಆಗದಿದ್ದರೆ ಅದೇ ತೀರ್ಪನ್ನೂ ಕೊಡಬಹುದು. ಸಣ್ಣ ಲಾರಿ ಸಾಗಣೆ ನಡೆಸುವವರು ಈ ವ್ಯತ್ಯಾಸ ತಿಳಿದಿರಬೇಕು.

ಆಯೋಗದ ನೋಟಿಸು ಬಂದ ಮೇಲೂ ರಾಜಿ ಸಾಧ್ಯ

ನೋಟಿಸು ಬಂತೆಂದರೆ ಬಾಗಿಲು ಮುಚ್ಚಿತು ಎಂದಲ್ಲ. ದೂರು ಸ್ವೀಕಾರವಾದ ಮೇಲಿನ ಮೊದಲ ವಿಚಾರಣೆಯಲ್ಲಿ ಅಥವಾ ಮುಂದಿನ ಯಾವುದೇ ಹಂತದಲ್ಲಿ, ರಾಜಿಗೆ ಅವಕಾಶವಿದೆ ಎಂದು ಆಯೋಗಕ್ಕೆ ಕಂಡರೆ 5 ದಿನಗಳೊಳಗೆ ಲಿಖಿತ ಒಪ್ಪಿಗೆ ಕೇಳಬಹುದು. ಎರಡೂ ಕಡೆ ಒಪ್ಪಿದರೆ ಪ್ರಕರಣ ಮಧ್ಯಸ್ಥಿಕೆಗೆ ಹೋಗುತ್ತದೆ. ಅಲ್ಲಿ ಆಡಿದ ಮಾತು ಗೌಪ್ಯ. ಒಪ್ಪಂದವಾದರೆ ಬರೆದು ಸಹಿ ಹಾಕಿ ಆಯೋಗಕ್ಕೆ ಕಳುಹಿಸಲಾಗುತ್ತದೆ, ಅದರಂತೆ ಆಯೋಗ ಆದೇಶ ಮಾಡುತ್ತದೆ. ಕೆಲವು ಅಂಶಗಳಷ್ಟೇ ಇತ್ಯರ್ಥವಾದರೆ ಉಳಿದವುಗಳ ವಿಚಾರಣೆ ಮುಂದುವರಿಯುತ್ತದೆ.

ಸಿವಿಲ್ ನ್ಯಾಯಾಲಯಗಳ ಪ್ರಕರಣಗಳಿಗೂ ಇಂಥದೇ ವ್ಯವಸ್ಥೆಯಿದೆ. ಕರ್ನಾಟಕ ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಶುರುವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ.

ರಾಜಿಯ ಮಾತು ನಡೆಯುತ್ತಿದೆ ಎಂದು ನೋಟಿಸಿಗೆ ಉತ್ತರ ಕೊಡುವುದನ್ನು ಮಾತ್ರ ಬಿಡಬೇಡಿ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. 45 ದಿನ ದಾಟಿದರೆ ಆಯೋಗಕ್ಕೂ ಅವಧಿ ಹೆಚ್ಚಿಸುವ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಉತ್ತರವಿಲ್ಲದೆ ಏಕಪಕ್ಷೀಯ ಆದೇಶ ಬಂದರೆ, ಮೇಲ್ಮನವಿಗೆ ಆದೇಶದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು. ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ದೂರದ ಜಿಲ್ಲೆಯ ಪ್ರಕರಣವಾದರೆ ವಿಡಿಯೊ ಮೂಲಕ ಹಾಜರಾಗಲು ಅನುಮತಿ ಕೇಳಬಹುದು.

ಗ್ರಾಹಕರೂ ವ್ಯಾಪಾರಿಯಾಗಿದ್ದರೆ

ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಲ್ಲಿ ಗ್ರಾಹಕರಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಹೊಲಿಗೆ ಯಂತ್ರ ಕೊಂಡವರು ಮಾತ್ರ ಗ್ರಾಹಕರಾಗಿಯೇ ಉಳಿಯುತ್ತಾರೆ. ವ್ಯಾಪಾರಿಗಳ ನಡುವಿನ 3 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಪರಿಹಾರ ಬೇಕಿಲ್ಲದಿದ್ದರೆ, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ನೋಂದಾಯಿತ ಕಿರು ಮತ್ತು ಸಣ್ಣ ಉದ್ಯಮಕ್ಕೆ ಖರೀದಿದಾರರು ಹಣ ಬಾಕಿ ಉಳಿಸಿಕೊಂಡಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯ ಸೌಲಭ್ಯ ಮಂಡಳಿ ಇದೆ. ಲಿಖಿತ ಒಪ್ಪಂದವಿದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ. ಇದು ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ. ಬರೀ ಕೊಂಡು ಮಾರುವ ವರ್ತಕರನ್ನು 2021ರಲ್ಲಿ ಎಂಎಸ್‌ಎಂಇ ಪಟ್ಟಿಗೆ ಸೇರಿಸಿದ್ದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ.

ರಾಜಿಗೆ ಮಿತಿ ಎಲ್ಲಿ

ಮೋಸ, ನಕಲಿ ದಾಖಲೆ, ವೈದ್ಯಕೀಯ ನಿರ್ಲಕ್ಷ್ಯದಿಂದ ಸಾವು ಅಥವಾ ತೀವ್ರ ಗಾಯ, ಇಂಥ ಪ್ರಕರಣಗಳನ್ನು ಗ್ರಾಹಕರ ಆಯೋಗ ಮಧ್ಯಸ್ಥಿಕೆಗೆ ಕಳುಹಿಸುವುದಿಲ್ಲ. ಕಲಬೆರಕೆ ಮತ್ತು ಕಡಿಮೆ ತೂಕದಲ್ಲಿ ಗ್ರಾಹಕರು ಸಮಾಧಾನವಾದರೂ ಇಲಾಖೆಯ ಕ್ರಮ ನಿಲ್ಲುವುದಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ 12 ತಿಂಗಳಿಗೊಮ್ಮೆ ಮುದ್ರೆ ಹಾಕಿಸಿ, ಪ್ರಮಾಣಪತ್ರವನ್ನು ಕಾಣುವಂತೆ ಇಡಬೇಕು.

ಇನ್ನೊಂದು ಕಡೆಯೂ ಇದೆ. ಬಿಲ್ಲೇ ಇಲ್ಲದೆ, ಬೇರೆಡೆ ಕೊಂಡ ಮಾಲು ತಂದು ಹಣ ಕೇಳುವವರೂ ಉಂಟು. ಅಲ್ಲಿ ಜಗಳ ತಪ್ಪಿಸಲೆಂದು ಹಣ ಕೊಡಬೇಕಾಗಿಲ್ಲ. ದೂರನ್ನು ಬರೆದುಕೊಂಡು, ನಿರಾಕರಣೆಗೆ ಕಾರಣವನ್ನು ಬರಹದಲ್ಲಿ ಕೊಟ್ಟರೆ ಸಾಕು. ಅಂಥವರ ಫೋಟೋ ಅಥವಾ ಫೋನ್ ಸಂಖ್ಯೆಯನ್ನು ವರ್ತಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಬಹಿರಂಗ ಮಾಡುವುದೂ ಅನುಚಿತ ವ್ಯಾಪಾರ ಪದ್ಧತಿಯೇ.

ಶ್ರಾವಕ ವ್ರತ ಮತ್ತು ವ್ಯಾಪಾರ

ಗ್ರಾಹಕರ ಕಾಯ್ದೆ ಹೇಳುವ ಬಹಳಷ್ಟು ವಿಷಯ ಶ್ರಾವಕರಿಗೆ ಪರಿಚಿತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವನ್ನು, ಅಂದರೆ ಕೊಡುವಾಗ ಕಡಿಮೆ, ಕೊಳ್ಳುವಾಗ ಹೆಚ್ಚು ಅಳೆಯುವುದನ್ನು ಸೇರಿಸುತ್ತದೆ. ಕಲಬೆರಕೆ ಮತ್ತು ನಕಲಿ ಮಾಲಿನ ವ್ಯವಹಾರಕ್ಕೆ ಅಲ್ಲಿ ಪ್ರತಿರೂಪಕ ವ್ಯವಹಾರ ಎಂಬ ಹೆಸರಿದೆ. ಸುಳ್ಳು ಬರಹ ಮಾಡುವ ಕೂಟಲೇಖಕ್ರಿಯೆ ಸತ್ಯಾಣುವ್ರತದ ಅತಿಚಾರ. ದೂರನ್ನು ಹೊತ್ತು ಬಂದವರ ಮಾತಿನಲ್ಲೂ ಸತ್ಯದ ಒಂದು ಮುಖ ಇರಬಹುದು ಎಂದು ಕೇಳುವುದು ಅನೇಕಾಂತದ ಸರಳ ಬಳಕೆ.

ಕ್ಷಮಾವಾಣಿಯ ದಿನ ಪರಸ್ಪರ ಕ್ಷಮೆ ಕೇಳುವ ನಾವು, ವ್ಯಾಪಾರದಲ್ಲಿ ಕ್ಷಮೆ ಕೇಳಿದರೆ ಸೋತಂತೆ ಎಂದು ಭಾವಿಸುವುದುಂಟು. ಆದರೆ ಗ್ರಾಹಕರಿಗೆ ಸಲ್ಲಬೇಕಾದದ್ದನ್ನು ಕೊಡದೆ ಕೇಳುವ ಕ್ಷಮೆ ಅರ್ಧ ಕ್ಷಮೆ. ಮಾಲು ಕೆಟ್ಟದ್ದಾಗಿದ್ದರೆ ಮೊದಲು ಹಣ, ಆಮೇಲೆ ಮಾತು.

ಅಂಗಡಿಯಲ್ಲಿ ಇರಬೇಕಾದ ಕಡತ

ದೂರು ಪುಸ್ತಕ, ಮಾರಾಟ ಮತ್ತು ಖರೀದಿ ಬಿಲ್ಲುಗಳು, ಗ್ಯಾರಂಟಿ ಕಾರ್ಡುಗಳ ಪ್ರತಿ, ತಕ್ಕಡಿಯ ಮುದ್ರೆ ಪ್ರಮಾಣಪತ್ರ, ಒಪ್ಪಂದ ಪತ್ರದ ಖಾಲಿ ನಮೂನೆ, ಇವು ಒಂದೇ ಕಡೆ ಇರಲಿ. ದೂರಿನ ಅವಧಿ 2 ವರ್ಷವಾದ್ದರಿಂದ ಗ್ರಾಹಕರ ದೂರಿಗೆ ಬೇಕಾಗುವ ಕಾಗದಗಳನ್ನು ಕನಿಷ್ಠ ಅಷ್ಟು ಕಾಲ ಇಡಬೇಕು. ತೆರಿಗೆಯ ದಾಖಲೆಗಳನ್ನು ಅದಕ್ಕಿಂತ ಹೆಚ್ಚು ಕಾಲ ಇಡಬೇಕಾಗುತ್ತದೆ. ಮೊತ್ತ ದೊಡ್ಡದಿದ್ದರೆ ಅಥವಾ ಆಯೋಗದ ನೋಟಿಸು ಬಂದಿದ್ದರೆ, ಈ ಕಡತದೊಂದಿಗೆ ಮೊದಲ ವಾರದಲ್ಲೇ ವಕೀಲರನ್ನು ಕಾಣಿ.